ಯಾವ ವಾರಕ್ಕೆ ಯಾವ ಗಣಿತ

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಹೊಸದಾಗಿ ಸೇರುವವರಿಗೆ ಹೇಳಿಕೊಡುವವರು ಬೇಕಾದಷ್ಟು ಜನ ಇರುತ್ತಾರೆ. ಪಾಠ ಹೇಗೆ ಮಾಡಬೇಕು, ಪ್ರಯೋಗಾಲಯದಲ್ಲಿ ಯಾವ ಸ್ವಿಚ್ಚಿನ ತಂಟೆಗೆ ಹೋಗಬಾರದು, ಯಾವ ಮೇಲಧಿಕಾರಿಯನ್ನು ಊಟಕ್ಕೆ ಮುಂಚೆ ಮಾತನಾಡಿಸಬಾರದು, ಎಲ್ಲವನ್ನೂ ಹೇಳುತ್ತಾರೆ. ಆದರೆ ಒಂದು ದಿನ ನಿಮ್ಮನ್ನು ಸಭೆಗೆ ಕರೆದು, ನಮ್ಮ ಪದವಿ ಮಕ್ಕಳಿಗೆ ಯಾವ ಗಣಿತವನ್ನು ಯಾವಾಗ ಕಲಿಸಬೇಕೆಂದು ಒಂದು ಯೋಜನೆ ಮಾಡಿಕೊಡಿ ಎನ್ನುತ್ತಾರಲ್ಲ, ಆ ದಿನದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಾನು ಬಿಡುತ್ತೇನೆ. ನಿವೃತ್ತಿಯಾದವಳಿಗೆ ಇನ್ನು ಯಾರ ಭಯ?

ನಾನು ಮೈಸೂರಿನವಳು. ಗಂಡ ಸುರೇಶನ ಕಂಪ್ಯೂಟರ್ ಕೆಲಸದ ಹಿಂದೆ ಮಲೇಷ್ಯಾಕ್ಕೆ ಬಂದು, ಪುಚೊಂಗ್‌ನಲ್ಲಿ ಮನೆ ಮಾಡಿ, ಪೆಟಾಲಿಂಗ್ ಜಯಾದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತ ತಲೆ ನರೆಸಿಕೊಂಡೆ. ಯಾವಾಗ ಸೀನಿಯರ್ ಆದೆ, ಯಾವಾಗ ಕುರ್ಚಿ ದೊಡ್ಡದಾಯಿತು ಎಂಬುದೆಲ್ಲ ನಿಮಗೂ ಬೇಡ, ನನಗೂ ನೆನಪಿಲ್ಲ. ಕೊನೆಯ ಕೆಲವು ವರ್ಷ ನಾನು ಭೌತಶಾಸ್ತ್ರ ಪದವಿಯ ಸಂಯೋಜಕಿಯಾಗಿದ್ದೆ. ಕೊರೋನಾ ಬಂದದ್ದೂ ಆಗಲೇ. ಊರಿಗೆಲ್ಲ ಅದು ಕೆಟ್ಟ ಕಾಲ. ನನ್ನ ವೃತ್ತಿಯಲ್ಲಿ ಮಾತ್ರ ಅಷ್ಟು ಖುಷಿಯ ಕಾಲ ಇನ್ನೊಂದು ಬರಲಿಲ್ಲ. ಹೇಳಿಕೊಳ್ಳಲು ಸ್ವಲ್ಪ ಮುಜುಗರ, ಆದರೂ ನಿಜ.

ಮೊದಲು ನಮ್ಮ ಕಾಯಿಲೆ ಏನಿತ್ತು ಎಂದು ಹೇಳುತ್ತೇನೆ. ನಮ್ಮ ಮಕ್ಕಳಿಗೆ ಗಣಿತ ಕಲಿಸುತ್ತಿದ್ದದ್ದು ಗಣಿತ ವಿಭಾಗ. ಅವರ ಪಾಠಕ್ಕೆ ಅವರದೇ ಒಂದು ಮಡಿ. ಮೊದಲ ಸೆಮಿಸ್ಟರ್ ಪೂರ್ತಿ ಸಂಖ್ಯೆ ಎಂದರೇನು, ಮಿತಿ ಎಂದರೇನು ಎಂಬ ವಿಚಾರಣೆ. ಎರಡನೆಯದರಲ್ಲಿ ಶ್ರೇಣಿಗಳು. ಒಂದು ವಸ್ತು ಹೇಗೆ ಚಲಿಸುತ್ತದೆಂದು ಲೆಕ್ಕ ಹಾಕಲು ನಮಗೆ ಬೇಕೇ ಬೇಕಾದ ಅವಕಲ ಸಮೀಕರಣ ಬರುತ್ತಿದ್ದದ್ದು ಮೂರನೆಯ ಸೆಮಿಸ್ಟರಿಗೆ. ನನ್ನ ಮೆಕ್ಯಾನಿಕ್ಸ್ ತರಗತಿಗೋ ಅದು ಮೊದಲ ಸೆಮಿಸ್ಟರಿನ ಐದನೆಯ ವಾರಕ್ಕೇ ಬೇಕು. ಸ್ಪ್ರಿಂಗಿಗೆ ತೂಕ ಕಟ್ಟಿ ಎಳೆದು ಬಿಟ್ಟರೆ ಅದು ಹೇಗೆ ಕುಣಿಯುತ್ತದೆ ಎಂಬ ಪಾಠ ಅದು. ಬೋರ್ಡಿನ ಮೇಲೆ ಸಮೀಕರಣ ಬರೆದು, ಇದರ ಉತ್ತರ ಹೀಗೆ, ಯಾಕೆ ಎಂದು ಮುಂದಿನ ವರ್ಷ ಗೊತ್ತಾಗುತ್ತದೆ ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಮುಂದಿನ ವರ್ಷ ಗಣಿತದವರು ಆ ಸಮೀಕರಣಕ್ಕೆ ಬರುವ ಹೊತ್ತಿಗೆ ನಮ್ಮ ಮಕ್ಕಳಲ್ಲಿ ಕೆಲವರು ಬಾಯಿಪಾಠ ಮಾಡಿ ಮುಗಿಸಿರುತ್ತಿದ್ದರು, ಇನ್ನು ಕೆಲವರು ಅಕೌಂಟೆನ್ಸಿಗೋ ಕಂಪ್ಯೂಟರಿಗೋ ಹಾರಿರುತ್ತಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ನಮ್ಮ ಡೀನ್ ಪ್ರೊಫೆಸರ್ ಹಾಲಿಮಾ ರಸಾಯನಶಾಸ್ತ್ರದ ಮಲಯ್ ಮಹಿಳೆ. ಮಾತು ಕಡಿಮೆ, ಆಡಿದ ಮಾತಿನ ಬಾಲಕ್ಕೆ ಇಲ್ಲಿನ ಎಲ್ಲರಂತೆ ಒಂದು 'ಲಾ'. ಎದುರಿಗೆ ಯಾವಾಗಲೂ ಆಲೂಗಡ್ಡೆ ಪಲ್ಯ ತುಂಬಿದ ಒಂದು ಕರಿಪಫ್ ಇರುತ್ತಿತ್ತು, ಕೆಟ್ಟ ಸುದ್ದಿ ಹೇಳುವಾಗ ಅದನ್ನು ಅರ್ಧ ತಿಂದು ಅರ್ಧ ಪಕ್ಕಕ್ಕಿಡುತ್ತಿದ್ದರು. ಒಂದು ದಿನ ನನ್ನನ್ನು ಕರೆಸಿ, ಪಫ್ಪನ್ನು ಪಕ್ಕಕ್ಕಿಟ್ಟರು.

"ವಸುಧಾ, ಮೊದಲ ವರ್ಷ ಮುಗಿದ ಮೇಲೆ ನಿಮ್ಮ ಮಕ್ಕಳು ನಿಲ್ಲೋದೇ ಇಲ್ಲ ಲಾ. ಹೀಗೇ ಆದರೆ ಭೌತಶಾಸ್ತ್ರ ಪದವಿಗೆ ಪ್ರವೇಶ ನಿಲ್ಲಿಸಬೇಕಾಗುತ್ತೆ. ನೀವೆಲ್ಲ ಎಂಜಿನಿಯರಿಂಗ್ ಮಕ್ಕಳಿಗೆ ಪಾಠ ಮಾಡಿಕೊಂಡಿರಿ."

ಎಂಜಿನಿಯರಿಂಗ್ ಮಕ್ಕಳ ಮೇಲೆ ನನಗೆ ಕೋಪವಿಲ್ಲ. ಆದರೆ ಭೌತಶಾಸ್ತ್ರವನ್ನು ಭೌತಶಾಸ್ತ್ರಕ್ಕಾಗಿಯೇ ಓದಲು ಬರುವ ಮಕ್ಕಳಿಗೆ ಇದ್ದ ಬಾಗಿಲು ಮುಚ್ಚುವುದು, ಅದೂ ನನ್ನ ಕಾಲದಲ್ಲಿ! ನಾನು ಮನೆಗೆ ಬಂದು ಆ ದಿನ ಊಟ ಮಾಡಲಿಲ್ಲ. ಸುರೇಶ ಎರಡು ಪಾಲು ತಿಂದ.

ಅಷ್ಟರಲ್ಲಿ ಲಾಕ್‌ಡೌನ್ ಬಂತು. ಪಾಠ ಕಂಪ್ಯೂಟರಿನೊಳಗೆ ಹೋಯಿತು. ಮಕ್ಕಳು ಹೆಸರು ಬರೆದ ಕಪ್ಪು ಚೌಕಗಳಾದರು. ಮುಂದಿನ ಸೆಮಿಸ್ಟರಿಗೆ ಹೆಸರು ನೋಂದಾಯಿಸುವುದೂ ಮನೆಯಿಂದಲೇ, ತಂತ್ರಾಂಶದ ಮೂಲಕ ಎಂದಾಯಿತು. ಅದಕ್ಕೂ ಮುಂಚೆ ಮಕ್ಕಳು ಆಫೀಸಿಗೆ ಬಂದು ಸಾಲು ನಿಂತು ಸಹಿ ಹಾಕಿಸಿಕೊಳ್ಳುತ್ತಿದ್ದರು. ಸಾಲು ಕರಗಲಿ ಎಂದು ನಾವು ತಲೆ ಎತ್ತದೆ ಸಹಿ ಹಾಕುತ್ತಿದ್ದೆವು.

ನೋಂದಣಿ ತೆರೆದ ಬೆಳಿಗ್ಗೆ ನನ್ನ ಫೋನು ನಿಲ್ಲದೆ ಬಡಿದುಕೊಂಡಿತು. ಎರಡನೆಯ ವರ್ಷದ ಒಬ್ಬರಿಗೂ ವಿದ್ಯುತ್ಕಾಂತ ವಿಷಯ ತೆಗೆದುಕೊಳ್ಳಲಾಗುತ್ತಿಲ್ಲ. ಮೊದಲು ಗಣಿತ ವಿಭಾಗದ ವೆಕ್ಟರ್ ಕಲನ ಮುಗಿಸಿ ಬಾ ಎನ್ನುತ್ತದೆ ತಂತ್ರಾಂಶ. ಸರಿ, ಅದನ್ನು ತೆಗೆದುಕೊಳ್ಳಿ ಎಂದೆ. ಅದನ್ನು ಒತ್ತಿದರೆ, ಮೊದಲು ವಿದ್ಯುತ್ಕಾಂತ ಮುಗಿಸಿ ಬಾ ಎನ್ನುತ್ತದೆ. ನಾನು ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದೆ.

ಆಗ ಗಣಿತ ವಿಭಾಗದ ಮುಖ್ಯಸ್ಥನಾಗಿದ್ದವನು ವಾಲ್ಟರ್, ಮಂಗಳೂರಿನವನು. ಕೌಲಾಲಂಪುರದ ಕ್ರಿಸ್‌ಮಸ್ ಕೂಟಗಳಲ್ಲಿ ಕೇಕ್ ತಿನ್ನುವಾಗ ಎಷ್ಟು ಮೃದುವೋ ಸಭೆಯಲ್ಲಿ ಅಷ್ಟೇ ಗಡಸು. ಇಡೀ ವಿಶ್ವವಿದ್ಯಾಲಯದಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಅದರಿಂದ ನಮ್ಮ ಜಗಳ ಬೇರೆಯವರಿಗೆ ತಿಳಿಯುತ್ತಿರಲಿಲ್ಲ ಎಂಬುದೊಂದು ಅನುಕೂಲ. ಅವನಿಗೆ ಫೋನು ಮಾಡಿದೆ.

"ವಾಲ್ಟರ್, ನಿಮ್ಮ ವಿಷಯ ತಗೊಳೋಕೆ ನಮ್ದು ಮುಗಿಸಿರಬೇಕು ಅಂತ ಯಾರ್ರೀ ಹಾಕಿದ್ದು?"

"ಹಾಗೆ ಇಲ್ಲ ಮೇಡಂ. ಇರುದು ಸಾಧ್ಯವೇ ಇಲ್ಲ." ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. ಆಮೇಲೆ, "ಉಂಟು ಮಾರಾಯ್ರೆ. ಎಂಥ ಸಾವು ಇದು. ನಿಮ್ಮದರಲ್ಲಿ ನಮ್ಮದು ಬೇಕು ಅಂತ ಉಂಟು, ನಮ್ಮದರಲ್ಲಿ ನಿಮ್ಮದು ಬೇಕು ಅಂತ ಉಂಟು."

"ಹಂಗಾದ್ರೆ ಇಷ್ಟು ವರ್ಷ ಮಕ್ಕಳು ಹೇಗೆ ಪಾಸಾದ್ರು?"

"ನೀವು ಸಹಿ ಹಾಕಿದ್ರಿ, ನಾನೂ ಹಾಕಿದೆ. ಮತ್ತೆಂಥ."

ನಮಗಿಂತ ಮುಂಚಿನ ಯಾವುದೋ ಸಮಿತಿಯಲ್ಲಿ ನಮ್ಮ ಕಡೆಯವರು, ವೆಕ್ಟರ್ ಕಲನ ಗೊತ್ತಿಲ್ಲದವನಿಗೆ ವಿದ್ಯುತ್ ಕ್ಷೇತ್ರ ಹೇಗೆ ಕಲಿಸುವುದು ಎಂದು ವಾದಿಸಿ ಷರತ್ತು ಹಾಕಿಸಿದ್ದರು. ಅವರ ಕಡೆಯವರು, ವಿದ್ಯುತ್ ಕ್ಷೇತ್ರ ಕಾಣದವನಿಗೆ ವೆಕ್ಟರ್ ಕಲನ ಯಾಕೆ ಎಂದು ಇನ್ನೊಂದು ಷರತ್ತು ಹಾಕಿಸಿದ್ದರು. ಇಬ್ಬರೂ ಗೆದ್ದು ಮನೆಗೆ ಹೋಗಿದ್ದರು. ಹುಚ್ಚು ಬಿಡುವ ತನಕ ಮದುವೆ ಆಗುವುದಿಲ್ಲ, ಮದುವೆ ಆಗುವ ತನಕ ಹುಚ್ಚು ಬಿಡುವುದಿಲ್ಲ ಎನ್ನುತ್ತಾರಲ್ಲ, ಅದನ್ನು ಸೆನೆಟ್ಟಿನ ಮೊಹರು ಒತ್ತಿ ಜಾರಿಗೆ ತಂದಿದ್ದೆವು. ಪಕ್ಕದ ಕೋಣೆಯಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಸುರೇಶ ಬಾಗಿಲಲ್ಲಿ ತಲೆ ಹಾಕಿ, "ಇದಕ್ಕೆ ನಮ್ಮಲ್ಲಿ ಡೆಡ್‌ಲಾಕ್ ಅಂತಾರೆ ಕಣೆ ವಸು. ನಮ್ಮ ಹುಡುಗರು ಇಂಥದ್ದು ಮಾಡಿದ್ರೆ ಬೈತೀವಿ. ನಿಮ್ಮಲ್ಲಿ ಪಿಎಚ್‌ಡಿ ಕೊಡ್ತಾರೆ" ಎಂದ. ಫೋನಿನ ಆ ಕಡೆಯಿಂದ ವಾಲ್ಟರ್ ಇದನ್ನು ಕೇಳಿಸಿಕೊಂಡು ಎಷ್ಟು ನಕ್ಕನೆಂದರೆ ಅವನ ಹೆಂಡತಿ ಏನಾಯಿತೆಂದು ಓಡಿಬಂದಳಂತೆ.

ಡೀನ್‌ಗೆ ತಿಳಿಸಿದೆವು. ಅವರು ನಗಲಿಲ್ಲ. ಆ ವರ್ಷದ ಮಕ್ಕಳಿಗೆ ಹೇಗೋ ದಾರಿ ಬಿಡಿಸಿಕೊಟ್ಟು, ಆಮೇಲೆ ನಮ್ಮಿಬ್ಬರನ್ನೂ ಪರದೆಯ ಮೇಲೆ ಕೂರಿಸಿಕೊಂಡರು. "ಗಂಟು ಬಿಚ್ಚೋಕೆ ಕೂತಿದ್ದೀರಿ, ಪೂರ್ತಿ ಬಿಚ್ಚಿ. ಗಣಿತದ ಯೋಜನೆಯನ್ನೇ ಹೊಸದಾಗಿ ಮಾಡಿ. ಮುಂದಿನ ತಂಡದ ಮೇಲೆ ನೋಡೋಣ. ಅವರು ಎರಡನೇ ವರ್ಷಕ್ಕೆ ನಿಂತರೆ ಪದವಿ ಉಳಿಯುತ್ತೆ" ಎಂದರು. ಎಷ್ಟು ಜನ ಬಿಟ್ಟುಹೋದರೆ ಸೈ, ಅದಕ್ಕಿಂತ ಒಬ್ಬರು ಹೆಚ್ಚಾದರೂ ಪ್ರವೇಶ ಬಂದ್ ಎಂದು ಒಂದು ಗೆರೆಯನ್ನೂ ಎಳೆದರು.

ಇಲ್ಲಿ ಒಂದು ಕಿವಿಮಾತು. ಹೊಸ ವಿಷಯ ಸೇರಿಸಲು ಹೋದರೆ ಹೊರಗಿನ ಅನುಮತಿ ಬೇಕು, ವರ್ಷಗಟ್ಟಲೆ ಕಾಯಬೇಕು. ಇರುವ ವಿಷಯಗಳ ಒಳಗೇ ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಮಾಡಿದರೆ ನಮ್ಮ ಸೆನೆಟ್ಟೇ ಸಾಕು. ಹೊಸ ಪಾತ್ರೆ ಕೊಳ್ಳದೆ ಅಡುಗೆಮನೆ ಜೋಡಿಸುವುದನ್ನು ಕಲಿಯಿರಿ.

ಆದರೆ ಯಾವುದು ಮುಂದೆ, ಯಾವುದು ಹಿಂದೆ? ನಾನು ಎಲ್ಲರಂತೆಯೇ ಶುರು ಮಾಡಿದೆ. ಭೌತಶಾಸ್ತ್ರದ ಸಹೋದ್ಯೋಗಿಗಳಿಗೆಲ್ಲ ನಿಮ್ಮ ಪಾಠಕ್ಕೆ ಯಾವ ಗಣಿತ ಬೇಕು ಎಂದು ಕೇಳಿದೆ. ಎಲ್ಲರ ಉತ್ತರವೂ ಒಂದೇ: ಎಲ್ಲ ಬೇಕು, ನನ್ನ ಪಾಠ ಶುರುವಾಗುವುದಕ್ಕೆ ಮುಂಚೆ ಬೇಕು. ನಾನು ಅದನ್ನು ನಂಬಿ ಕಲನ, ವೆಕ್ಟರ್, ಮ್ಯಾಟ್ರಿಕ್ಸ್, ಸಂಕೀರ್ಣ ಸಂಖ್ಯೆ, ಅವಕಲ ಸಮೀಕರಣ ಎಲ್ಲವನ್ನೂ ಮೊದಲ ಸೆಮಿಸ್ಟರಿಗೆ ತುರುಕಿ ಒಂದು ಕರಡು ಮಾಡಿದೆ. ನೋಡಲು ಬಹಳ ಚೆನ್ನಾಗಿತ್ತು. ಸುರೇಶನಿಗೆ ತೋರಿಸಿದೆ.

"ಮಕ್ಕಳು ಮೊದಲನೇ ವರ್ಷ ಮುಗಿಸಿ ಓಡಿಹೋಗ್ತಾರೆ ಅಂತ ತಾನೇ ನಿನ್ನ ಚಿಂತೆ?" ಎಂದ. "ಇನ್ನು ಅದಿಲ್ಲ ಬಿಡು. ಮೊದಲನೇ ತಿಂಗಳೇ ಓಡ್ತಾರೆ."

ಸಿಟ್ಟು ಬಂತು. ಸರಿಯಾಗಿ ಹೇಳಿದವರ ಮೇಲೆ ಬರುವಷ್ಟು ಸಿಟ್ಟು ತಪ್ಪು ಹೇಳಿದವರ ಮೇಲೆ ಬರುವುದಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಬೇರೆ ದಾರಿ ಹುಡುಕಿದೆ. ಆ ದಾರಿ ತೋರಿಸಿದ್ದು ಲಾಕ್‌ಡೌನೇ. ನಮ್ಮ ಪಾಠಗಳೆಲ್ಲ ಆಗ ರೆಕಾರ್ಡ್ ಆಗುತ್ತಿದ್ದವು. ಯಾರಿಗೆ ಏನು ಬೇಕೆಂದು ಕೇಳುವುದನ್ನು ಬಿಟ್ಟು, ಎಲ್ಲರ ಪಾಠವನ್ನೂ ವೇಗವಾಗಿ ಓಡಿಸಿ ನೋಡುತ್ತ ಹೋದೆ. ಯಾವ ವಾರ, ಯಾವ ಗಣಿತ, ಮೊದಲ ಸಲ ಬೋರ್ಡಿನ ಮೇಲೆ ಬರುತ್ತದೆ ಎಂಬುದಷ್ಟೇ ನನಗೆ ಬೇಕಿತ್ತು. ಸಹೋದ್ಯೋಗಿಗಳೆಲ್ಲ ಗಿಳಿಗಳ ಹಾಗೆ ಕೀಚು ಕಂಠದಲ್ಲಿ ಮಾತನಾಡುವುದನ್ನು ಕೇಳುತ್ತ ಹುರುಳಿಕಾಯಿ ಸೋಸಿದ ಆ ಮಧ್ಯಾಹ್ನಗಳ ಸುಖವೇ ಸುಖ.

ಅದರಿಂದ ತಿಳಿದದ್ದು ಇಷ್ಟು. ಕೇಳಿದ್ದ ಗಣಿತದಲ್ಲಿ ಅರ್ಧವನ್ನು ನಮ್ಮವರು ಯಾರೂ ಬಳಸುತ್ತಲೇ ಇರಲಿಲ್ಲ. ಸಂಕೀರ್ಣ ಸಂಖ್ಯೆಯ ದೊಡ್ಡ ದೊಡ್ಡ ಪ್ರಮೇಯಗಳಿಲ್ಲದೆ ಬೆಳಕಿನ ಪಾಠ ಸಾಧ್ಯವೇ ಇಲ್ಲ ಎಂದು ಪಟ್ಟು ಹಿಡಿದಿದ್ದ ಮಿತ್ರರೊಬ್ಬರು ಇಡೀ ಸೆಮಿಸ್ಟರಿನಲ್ಲಿ ಒಂದೇ ಒಂದು ಸಲ ಸಂಕೀರ್ಣ ಸಂಖ್ಯೆ ಬರೆದಿದ್ದರು, ಅದನ್ನೂ ಸಮಯವಿಲ್ಲವೆಂದು ಅಳಿಸಿದ್ದರು. ಅದೇ ಹೊತ್ತಿಗೆ, ಯಾರೂ ಕೇಳದಿದ್ದ ಒಂದು ಚಿಕ್ಕ ಗಣಿತ, ಸಣ್ಣ ಕೋನಕ್ಕೆ ಸೈನ್ ಬದಲು ಕೋನವನ್ನೇ ಬರೆಯಬಹುದೆಂಬ ಅಂದಾಜಿನ ಲೆಕ್ಕ, ಪ್ರತಿಯೊಬ್ಬರ ಪಾಠದಲ್ಲೂ ಮೂರನೆಯ ವಾರದಿಂದಲೇ ಇತ್ತು. ಅದನ್ನು ಯಾರೂ ಕಲಿಸುತ್ತಲೇ ಇರಲಿಲ್ಲ. ಹೊಸಬರೇ, ಏನು ಬೇಕೆಂದು ಮೇಷ್ಟರನ್ನು ಕೇಳಬೇಡಿ. ಅವರ ಬೋರ್ಡನ್ನು ನೋಡಿ.

ಹೀಗೆ ಒಂದು ತತ್ತ್ವ ಸಿಕ್ಕಿತು: ಭೌತಶಾಸ್ತ್ರಕ್ಕೆ ಬೇಕಾಗುವ ಒಂದು ವಾರ ಮುಂಚೆ ಆ ಗಣಿತ ಬರಲಿ, ಬೇಕಾದಷ್ಟೇ ಬರಲಿ. ಇನ್ನು ವಾಲ್ಟರ್ ಒಪ್ಪಬೇಕಿತ್ತು.

ಆಗ ಅಂಗಡಿಗಳು ತೆರೆದಿದ್ದರೂ ಕುಳಿತು ತಿನ್ನುವಂತಿರಲಿಲ್ಲ, ಎಲ್ಲ ತಪಾವ್, ಕಟ್ಟಿಸಿಕೊಂಡು ಹೋಗುವುದೇ. ಪೆಟಾಲಿಂಗ್ ಜಯಾದ ತಮಿಳು ಮುಸಲ್ಮಾನರು ನಡೆಸುವ ಒಂದು ಮಾಮಕ್ ಹೋಟೆಲಿನ ಮುಂದೆ ನಮ್ಮಿಬ್ಬರ ಕಾರುಗಳನ್ನೂ ಎದುರುಬದುರು ದಿಕ್ಕಿಗೆ ನಿಲ್ಲಿಸಿದೆವು. ಅವನ ಕಿಟಕಿ ನನ್ನ ಕಿಟಕಿಗೆ ತಾಗುವಂತೆ. ಇಬ್ಬರ ಕೈಯಲ್ಲೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟ ಟೀ, ಅದಕ್ಕೊಂದು ಸ್ಟ್ರಾ. ಇಂಥ ಸಮಿತಿ ಸಭೆ ನಾನು ಮತ್ತೆ ಕಂಡಿಲ್ಲ.

"ಗಣಿತ ಅಂದ್ರೆ ನಿಮ್ಮ ಸಾರಿಗೆ ಹಾಕುವ ಹುಳಿಯಾ ಮೇಡಂ? ಬೇಕಾದಾಗ ಸ್ವಲ್ಪ ಹಿಂಡುದು, ಬೇಡದಾಗ ಎತ್ತಿ ಇಡುದು?"

"ಹುಳಿ ಇಲ್ದಿದ್ರೆ ಸಾರು ಆಗುತ್ತೇನ್ರೀ? ಅಷ್ಟು ಮರ್ಯಾದೆ ಸಾಲದಾ?"

"ಅದು ಹಾಗಲ್ಲ. ನಾಲ್ಕನೇ ವಾರದಲ್ಲಿ ಅವಕಲ ಸಮೀಕರಣ ಮಾಡು ಅಂತೀರಿ. ಮಾಡುವ. ಉತ್ತರ ಊಹಿಸಿ, ಹಾಕಿ ನೋಡಿ, ಸರಿ ಉಂಟು ಅಂತ ಹೇಳುವ. ಆದರೆ ಬೇರೆ ಉತ್ತರ ಇಲ್ಲ ಅಂತ ಸಾಧಿಸದೆ ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ. ರಾತ್ರಿ ನಿದ್ದೆ ಬರುದಿಲ್ಲ ನನಗೆ."

ಅವನ ಮುಖ ನೋಡಿದೆ. ತಮಾಷೆಗೆ ಹೇಳುತ್ತಿರಲಿಲ್ಲ. ನಾನು ಅಷ್ಟು ದಿನ ಅವನದು ಹಟ ಎಂದುಕೊಂಡಿದ್ದೆ. ಅದು ಹಟವಲ್ಲ, ಅಕ್ಕರೆ ಎಂದು ಅವತ್ತು ತಿಳಿಯಿತು. ನಾನು ಸ್ಪ್ರಿಂಗಿನ ಬಗ್ಗೆ ಮಾತನಾಡುವಾಗ ನನ್ನ ಮುಖವೂ ಹಾಗೆಯೇ ಇರುತ್ತದೇನೋ.

"ಸರಿ, ಸಾಧಿಸೋದನ್ನ ಬಿಡೋದು ಬೇಡ. ಮುಂದಕ್ಕೆ ಹಾಕೋಣ" ಎಂದೆ. "ಮೊದಲ ವರ್ಷ ನಮಗೆ ಬೇಕಾದ್ದನ್ನ ಬೇಕಾದ ವಾರಕ್ಕೆ ಕೊಡಿ. ಎರಡನೇ ವರ್ಷ ಒಂದು ಇಡೀ ವಿಷಯ ನಿಮ್ಮದು. ಇಷ್ಟು ದಿನ ಬಳಸಿದ್ದೆಲ್ಲ ಯಾಕೆ ಸರಿ ಅಂತ ಸಾಧಿಸಿ. ನಾವ್ಯಾರೂ ಬಾಯಿ ಹಾಕಲ್ಲ."

ವಾಲ್ಟರ್ ಟೀ ಹೀರಿ ಯೋಚಿಸಿದ. "ಹಸಿವೆ ಆದ ಮೇಲೆ ಊಟ" ಎಂದ. "ಅದು ಆಗಬಹುದು ಮಾರಾಯ್ರೆ. ಇಷ್ಟು ವರ್ಷ ನಾನು ಹಸಿವೆ ಇಲ್ಲದವರಿಗೆ ಬಡಿಸಿದ್ದು." ಅಷ್ಟರಲ್ಲಿ ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ನಮ್ಮ ಸಭೆ ಅರ್ಧ ರಸ್ತೆಯನ್ನು ಅಡ್ಡಗಟ್ಟಿತ್ತು.

ಸೆನೆಟ್ ಒಪ್ಪಿತು. ಮುಂದಿನ ತಂಡ ಬಂತು. ಬಂತು ಎನ್ನುವುದಕ್ಕಿಂತ ಪರದೆಯಲ್ಲಿ ಮೂಡಿತು ಎನ್ನಬೇಕು. ವಾಲ್ಟರ್ ಕಲಿಸಿದ ವಾರದ ನಂತರದ ವಾರ ನಾನು ಅದನ್ನೇ ಬಳಸಬೇಕಾದ್ದರಿಂದ ಇಬ್ಬರೂ ಒಬ್ಬರ ತರಗತಿಯಲ್ಲಿ ಒಬ್ಬರು ಕೂರಬೇಕೆಂದು ಮಾಡಿಕೊಂಡೆವು. ಇದು ಬಹಳ ಒಳ್ಳೆಯ ಪದ್ಧತಿ. ಮಾನ ಹೋಗುವುದು ಮಾತ್ರ ಖಚಿತ.

ನಮ್ಮ ಮಾನ ಹೋದದ್ದು ಗೋಳದ ಮೇಲೆ. ಗೋಳದ ಮೇಲಿನ ಒಂದು ಜಾಗವನ್ನು ಹೇಳಲು ಎರಡು ಕೋನ ಬೇಕು. ಉತ್ತರ ಧ್ರುವದಿಂದ ಎಷ್ಟು ಕೆಳಗಿಳಿದೆವು ಎಂಬುದು ಒಂದು, ಸುತ್ತ ಎಷ್ಟು ತಿರುಗಿದೆವು ಎಂಬುದು ಇನ್ನೊಂದು. ನಾವು ಭೌತಶಾಸ್ತ್ರದವರು ಇಳಿದ ಕೋನವನ್ನು ಥೀಟಾ ಎಂದೂ ತಿರುಗಿದ ಕೋನವನ್ನು ಫೈ ಎಂದೂ ಕರೆಯುತ್ತೇವೆ. ಗಣಿತದವರಲ್ಲಿ ಬಹಳ ಮಂದಿ ಇದಕ್ಕೆ ಸರಿಯಾಗಿ ಉಲ್ಟಾ. ಇಬ್ಬರಿಗೂ ಇದು ಗೊತ್ತಿದ್ದ ಸಂಗತಿಯೇ, ಗೊತ್ತಿರುವುದರಿಂದಲೇ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ವಾಲ್ಟರ್ ತನ್ನ ವಾರ ತನ್ನಂತೆ ಕಲಿಸಿದ. ನಾನು ನನ್ನ ವಾರ, ಥೀಟಾ ಎಂಬತ್ತೇಳು ಡಿಗ್ರಿ, ಫೈ ನೂರಾ ಎರಡು ಡಿಗ್ರಿ, ಇದು ಯಾವ ಊರು ಎಂದು ಕೇಳಿದೆ. ಉತ್ತರ ಕೌಲಾಲಂಪುರ. ನಮ್ಮ ಊರೇ ಸಿಕ್ಕಿತೆಂದು ಮಕ್ಕಳು ಸಂತೋಷಪಡಲಿ ಎಂದು ನನ್ನ ಆಸೆ.

ಅರ್ಧ ತರಗತಿ ಕೌಲಾಲಂಪುರ ಎಂದಿತು. ಉಳಿದರ್ಧ, ಅಲ್ಲಿ ಊರೇ ಇಲ್ಲ, ಬರೀ ಹಿಂದೂ ಮಹಾಸಾಗರ ಎಂದಿತು. ಆ ಕಡೆಯವರಲ್ಲಿ ಐಡಾ ಎಂಬ ಹುಡುಗಿ ಮೈಕ್ ಆನ್ ಮಾಡಿದಳು. ತೆರೆಂಗಾನುವಿನ ತನ್ನ ಮನೆಯಿಂದ ಪಾಠ ಕೇಳುತ್ತಿದ್ದವಳು, ಇಂಗ್ಲಿಷಿನಲ್ಲಿ ಮಲಯ್ ಬೆರೆಸಿ ನಿಧಾನವಾಗಿ ಮಾತನಾಡುತ್ತಿದ್ದಳು. "ಮೇಡಂ, ಸರ್ ಹೇಳಿಕೊಟ್ಟ ಹಾಗೆ ಮಾಡಿದರೆ ನಾವೆಲ್ಲ ಮುಳುಗಿದ್ದೇವೆ. ಯಾರ ಕೋನ ಸರಿ?"

"ನನ್ನದು ಲಾ" ಎಂದಿತು ವಾಲ್ಟರ್‌ನ ಚೌಕ.

ತರಗತಿಗೆ ತರಗತಿಯೇ ನಕ್ಕಿತು. ಲಾಕ್‌ಡೌನ್ ಬಂದ ಮೇಲೆ ತರಗತಿಯೊಂದು ಒಟ್ಟಿಗೆ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಸದ್ದಿಗೆ ನನ್ನ ಕಣ್ಣು ತುಂಬಿಬಂತು. ಕ್ಯಾಮೆರಾ ಆಫ್ ಮಾಡಿ ಒರೆಸಿಕೊಂಡೆ. ಆಮೇಲೆ ಮೊದಲ ವರ್ಷ ಪೂರ್ತಿ ನಮ್ಮ ಕೋನವನ್ನೇ ಬಳಸುವುದೆಂದು ವಾಲ್ಟರ್ ಒಪ್ಪಿದ, ಅದಕ್ಕೆ ಪ್ರತಿಯಾಗಿ ನಾನು ಬಿಡಿಸುವ ಪ್ರತಿ ಲೆಕ್ಕದ ಕೊನೆಯಲ್ಲಿ "ಇದೊಂದೇ ಉತ್ತರ, ಕಾರಣ ವಾಲ್ಟರ್ ಸರ್ ಹೇಳುತ್ತಾರೆ" ಎಂದು ಹೇಳಬೇಕೆಂದು ಷರತ್ತು ಹಾಕಿದ. ಹೇಳಿದೆ.

ಈ ಷರತ್ತೇ ನನಗೆ ಆಮೇಲೆ ಕಂಟಕವಾಯಿತು ಎಂದರೂ ತಪ್ಪಲ್ಲ. ಸ್ಪ್ರಿಂಗಿನ ವಾರ ಬಂತು. ಈ ಸಲ ಮಕ್ಕಳಿಗೆ ಸಮೀಕರಣ ಬಿಡಿಸುವುದು ಗೊತ್ತಿತ್ತು, ಹಿಂದಿನ ವಾರವಷ್ಟೇ ಮಾಡಿದ್ದರು. ನಾನು ಬರೆದು ಮುಗಿಸುವುದರೊಳಗೆ ಚಾಟ್‌ನಲ್ಲಿ ಉತ್ತರಗಳು ಸಾಲಾಗಿ ಬಂದವು. ನನಗೆ ಹಿಡಿಸಲಾರದ ಆನಂದ. ಕ್ಯಾಮೆರಾ ಮುಂದೆ ನಿಜವಾದ ಸ್ಪ್ರಿಂಗ್ ನೇತುಹಾಕಿ, ಅದಕ್ಕೆ ಅಡುಗೆಮನೆಯ ಕುಟ್ಟಾಣಿ ಕಟ್ಟಿ ಕುಣಿಸಿದೆ. ಲೆಕ್ಕ ಹೇಳಿದಷ್ಟೇ ಹೊತ್ತಿಗೆ ಕುಟ್ಟಾಣಿ ಹೋಗಿ ಬಂತು.

ಐಡಾ ಮಾತ್ರ ಕೇಳಿದಳು: "ಇನ್ನೊಂದು ಉತ್ತರ ಇಲ್ಲ ಅಂತ ಹೇಗೆ ಗೊತ್ತು ಮೇಡಂ?"

"ಕುಟ್ಟಾಣಿ ನೋಡಮ್ಮ, ಅದು ಬೇರೆ ರೀತಿ ಕುಣಿಯುತ್ತಾ?"

"ಈ ಕುಟ್ಟಾಣಿ ಹಾಗೆ ಕುಣಿಯಲ್ಲ. ಎಲ್ಲ ಕುಟ್ಟಾಣಿಗೂ ಹೇಗೆ ಹೇಳೋದು?"

ವಾಲ್ಟರ್‌ನ ಕ್ಯಾಮೆರಾ ತಟ್ಟನೆ ಆನ್ ಆಯಿತು. ಮಳೆ ಕಂಡ ನವಿಲೂ ಹಾಗೆ ಅರಳುವುದಿಲ್ಲ. ಎರಡನೆಯ ವರ್ಷದವರೆಗೆ ಕಾಯುವುದೆಂಬ ಒಪ್ಪಂದ ಮರೆತು ಅಲ್ಲೇ ಸಾಧಿಸಿ ತೋರಿಸಿದ. ನಾನು ಬಾಯಿ ಹಾಕಲಿಲ್ಲ. ಕುಟ್ಟಾಣಿ ಬಿಚ್ಚಿ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಲು ಹೋದೆ.

ವರ್ಷ ಮುಗಿಯಿತು. ಎರಡನೆಯ ವರ್ಷದ ನೋಂದಣಿ ತೆರೆಯುವ ದಿನ ಬಂತು. ಅದು ನಮ್ಮ ಪದವಿಯ ಹಣೆಬರಹದ ದಿನ. ಬೆಳಿಗ್ಗೆಯಿಂದ ಪರದೆಯ ಮುಂದೆ ಕೂತೆ. ಒಬ್ಬರ ಹಿಂದೆ ಒಬ್ಬರ ಹೆಸರು ಹಸಿರಾಗುತ್ತ ಬಂತು. ಬಿಟ್ಟವರು ಇಬ್ಬರೇ, ಮನೆಯ ಅಂಗಡಿ ನೋಡಿಕೊಳ್ಳಬೇಕಾಗಿ ಬಂದವರು. ಅವರನ್ನೂ ಸೇರಿಸಿ ನಾವು ಡೀನ್ ಎಳೆದ ಗೆರೆಯ ಮೇಲೆಯೇ ನಿಂತಿದ್ದೆವು. ಇನ್ನು ಒಬ್ಬರು ಹೋದರೂ ಆ ಕಡೆಗೆ ಬೀಳುತ್ತೇವೆ. ಹಸಿರಾಗದ ಹೆಸರು ಒಂದೇ ಒಂದು ಉಳಿದಿತ್ತು, ಐಡಾಳದು.

ಸಂಜೆಯವರೆಗೆ ಕಾದು ಫೋನು ಮಾಡಿದೆ.

"ಮೇಡಂ, ನೀವು ಬೈಯಬಾರದು" ಎಂದಳು. "ನಾನು ಗಣಿತ ಪದವಿಗೆ ಬದಲಾಯಿಸಿಕೊಂಡೆ."

ಬೈಯಲಿಲ್ಲ. ಒಳ್ಳೆಯದಾಗಲಿ ಎಂದೆ. ಗಣಿತಕ್ಕೆ ಹೆದರಿ ಮಕ್ಕಳು ಓಡುತ್ತಾರೆಂದು ಇಷ್ಟೆಲ್ಲ ಒದ್ದಾಡಿದ್ದು. ಈಗ ಗಣಿತವನ್ನು ಮೆಚ್ಚಿ ಒಬ್ಬಳು ಓಡಿದ್ದಳು, ಅದೂ ನಮ್ಮ ಗೆರೆ ದಾಟಿಸಿ. ಅಳಬೇಕೋ ನಗಬೇಕೋ ತಿಳಿಯದೆ ವಾಲ್ಟರ್‌ಗೆ ಹೇಳಿದೆ. ಅವನಿಗೆ ಲಾಭ, ನಮಗೆ ನಷ್ಟ. ಅವನು ಸುಮ್ಮನಿದ್ದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. "ನಾಳೆ ಡೀನ್ ಹತ್ರ ನಾನೂ ಬರ್ತೇನೆ ಮೇಡಂ" ಎಂದ.

ಆ ಹೊತ್ತಿಗೆ ಆಫೀಸು ತೆರೆದಿತ್ತು. ಮಾಸ್ಕ್ ಹಾಕಿಕೊಂಡು ದೂರ ದೂರ ಕೂತೆವು. ಹಾಲಿಮಾ ಲೆಕ್ಕ ನೋಡಿ ಪಫ್ಪಿನ ಕಡೆ ಕೈ ಚಾಚಿದರು. ವಾಲ್ಟರ್ ಮಾತು ಶುರು ಮಾಡಿದ.

"ಪ್ರೊಫೆಸರ್, ಈ ಹುಡುಗಿಯನ್ನು ಬಿಟ್ಟುಹೋದವರ ಸಾಲಿಗೆ ಸೇರಿಸಬೇಡಿ. ಗಣಿತ ವಿಭಾಗದಲ್ಲಿ ಇಷ್ಟು ವರ್ಷ ಇದ್ದೇನೆ. ನನ್ನ ಸ್ವಂತ ತರಗತಿಯಿಂದ ಇಂಥ ಒಬ್ಬಳನ್ನು ತಯಾರು ಮಾಡಲು ನನಗೆ ಆಗಲಿಲ್ಲ. ಸ್ಪ್ರಿಂಗ್ ನೋಡಿದ ಮೇಲೆ ಅವಳಿಗೆ ಪ್ರಶ್ನೆ ಹುಟ್ಟಿದ್ದು. ಭೌತಶಾಸ್ತ್ರದ ಬಾಗಿಲು ಮುಚ್ಚಿದರೆ ನನ್ನ ವಿಭಾಗಕ್ಕೆ ಮಕ್ಕಳು ಎಲ್ಲಿಂದ ಬರಬೇಕು?"

ಡೀನ್ ಅವನನ್ನೂ ನನ್ನನ್ನೂ ನೋಡಿದರು. "ನೀವಿಬ್ಬರೂ ಒಂದೇ ಕಡೆ ಕೂತಿರೋದನ್ನ ಇವತ್ತೇ ನೋಡ್ತಿರೋದು ಲಾ" ಎಂದರು. "ಪ್ರವೇಶ ಇರುತ್ತೆ. ಹೋಗಿ, ಕೆಲಸ ನೋಡಿ." ಹೊರಗೆ ಬಂದು ಕಾರಿಡಾರಿನಲ್ಲಿ ನಾನು ವಾಲ್ಟರ್‌ಗೆ ಕೈ ಮುಗಿದೆ. "ಎಂಥದು ಮಾರಾಯ್ರೆ ನಿಮ್ಮದು" ಎಂದು ಅವನು ಬೇರೆ ಕಡೆ ನೋಡಿದ.

ಅದಾದ ಕೆಲವು ತಿಂಗಳಿಗೆ ನನ್ನ ನಿವೃತ್ತಿ. ಮಕ್ಕಳೆಲ್ಲ ಕ್ಯಾಂಪಸ್ಸಿಗೆ ಬಂದಿದ್ದರು. ಕೊನೆಯ ದಿನ ಮಧ್ಯಾಹ್ನ ಕೋಣೆ ಖಾಲಿ ಮಾಡುತ್ತಿದ್ದಾಗ ಎತ್ತರದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಳು. ನನಗೆ ಗುರುತು ಸಿಗಲಿಲ್ಲ.

"ಐಡಾ, ಮೇಡಂ. ನಿಮ್ಮನ್ನು ಬಿಟ್ಟುಹೋದವಳು."

ಅವಳ ಧ್ವನಿಯನ್ನು ಒಂದು ವರ್ಷ ಪೂರ್ತಿ ಕೇಳಿದ್ದೆ, ಇಷ್ಟು ಎತ್ತರ ಇರುತ್ತಾಳೆಂದು ಎಣಿಸಿರಲಿಲ್ಲ. "ಬಿಟ್ಟುಹೋಗಿಲ್ಲ, ಎದುರು ಕೋಣೆಗೆ ಹೋಗಿದ್ದೀಯ. ಒಳಗೆ ಬಾ" ಎಂದೆ. ಅವಳು ಕೂರಲಿಲ್ಲ. ಬೀಳ್ಕೊಡುಗೆಯ ಮಾತಾಡಲು ಬಂದವಳಂತೆಯೂ ಕಾಣಲಿಲ್ಲ.

"ಇವತ್ತು ವಾಲ್ಟರ್ ಸರ್ ಒಂದು ಪ್ರಮೇಯ ಸಾಧಿಸಿದರು. ಅಂಚಿನಲ್ಲಿ ಏನಿದೆ ಅಂತ ಗೊತ್ತಿದ್ದರೆ ಒಳಗೆ ಏನಿರಬೇಕು ಅನ್ನೋದು ಒಂದೇ ರೀತಿ ನಿಶ್ಚಯವಾಗುತ್ತೆ ಅಂತ. ಪೂರ್ತಿ ಅರ್ಥವಾಯಿತು. ಆದರೆ ಅದು ನಿಜವಾಗಿ ಎಲ್ಲಿರುತ್ತೆ ಮೇಡಂ? ಸರ್‌ನ ಕೇಳಿದೆ. ಅದನ್ನು ಎದುರು ಕೋಣೆಯಲ್ಲಿ ಕೇಳು, ಇವತ್ತು ಬಿಟ್ಟರೆ ಸಿಗಲ್ಲ ಅಂದರು."

ಕೆಳಗೆ ಸಭಾಂಗಣದಲ್ಲಿ ನನಗಾಗಿ ಕೇಕ್ ತಂದಿಟ್ಟು ಎಲ್ಲರೂ ಕಾಯುತ್ತಿದ್ದರು. ಫೋನು ಎರಡು ಸಲ ಬಡಿದುಕೊಂಡಿತು. ನಾನು ಕಟ್ಟಿಟ್ಟಿದ್ದ ಪೆಟ್ಟಿಗೆ ಬಿಚ್ಚಿ ಒಂದು ಮಾರ್ಕರ್ ಹುಡುಕಿ ತೆಗೆದೆ. ಬೋರ್ಡಿನ ಮೇಲೆ ಇಲ್ಲಿನ ಪರೋಟವಾದ ರೊಟ್ಟಿ ಚಾನಾಯ್ ಸುಡುವ ದೊಡ್ಡ ಕಾವಲಿಯೊಂದನ್ನು ಬರೆದು, "ಇದರ ಅಂಚಿನ ಬಿಸಿ ಎಷ್ಟು ಅಂತ ಮಾತ್ರ ನಮಗೆ ಗೊತ್ತು ಅಂದುಕೋ" ಎಂದು ಶುರು ಮಾಡಿದೆ. ಐಡಾ ಕುರ್ಚಿ ಎಳೆದುಕೊಂಡು ಕೂತಳು.